ಎಝಿಯೋ ಊರಿಗೆ ಹೊರಟವರೇ, ಭಾನುವಾರ ಬೇಡ

ಇಟಲಿಯ ಟಸ್ಕನಿಯಲ್ಲಿ ಸಿಯೆನಾದಿಂದ ಮೊಂಟೆರಿಜೋನಿ ಅನ್ನುವ ಕೋಟೆ ಊರಿಗೆ 15 ಕಿಲೋಮೀಟರ್, ಅಷ್ಟೇ. ಅದೇ ಧೈರ್ಯದಲ್ಲಿ ಭಾನುವಾರ ಹೊರಟೆ. ಹೋಗುವಾಗ ಬಸ್ ಸಿಕ್ಕಿತು. ವಾಪಸ್ ಬರುವಾಗ ಗುಡ್ಡದ ಬುಡದಲ್ಲಿ, ನೆರಳೇ ಇಲ್ಲದ ಕಂಬದ ಹತ್ತಿರ ಎರಡು ಗಂಟೆಗೂ ಮೇಲೆ ಒಣಗಿದೆ. ತಪ್ಪು ನನ್ನದೇ ಅನ್ನಿ. ಕಂಬದ ಮೇಲಿನ ವೇಳಾಪಟ್ಟಿಯಲ್ಲಿ 'ಫೆರಿಯಾಲೆ' ಅಂತಿತ್ತು. ಇಟಾಲಿಯನ್‌ನಲ್ಲಿ 'ಫೆರಿಯೆ' ಎಂದರೆ ರಜೆ, ಹಾಗಾಗಿ ಇದೂ ರಜಾದಿನದ್ದೇ ಅಂದುಕೊಂಡೆ. ಅಲ್ಲವಂತೆ, ಫೆರಿಯಾಲೆ ಎಂದರೆ ಕೆಲಸದ ದಿನ! ಭಾನುವಾರಕ್ಕೆ ನೋಡಬೇಕಾದದ್ದು 'ಫೆಸ್ತಿವೋ'. ಟಿಕೆಟ್ಟನ್ನೂ ಹಿಂದಿನ ದಿನವೇ ಟಬಾಕ್ಕಿ, ಅಂದರೆ ಬೀಡಿ-ಸಿಗರೇಟಿನ ಅಂಗಡಿಯಲ್ಲಿ ಕೊಂಡಿಡಿ, ಭಾನುವಾರ ಎಷ್ಟೋ ಅಂಗಡಿ ಮುಚ್ಚಿರುತ್ತವೆ.

2009ರ ಅಸಾಸಿನ್ಸ್ ಕ್ರೀಡ್ 2 ವಿಡಿಯೋ ಗೇಮ್ ಆಡಿದವರಿಗೆ ಈ ಊರು ಗೊತ್ತು, ಅದರ ನಾಯಕನೇ ಎಝಿಯೋ. ಅವನ ದೊಡ್ಡಪ್ಪ ಮಾರಿಯೋ ಔದಿತೋರೆಯ ಬಂಗಲೆ, ದುಡ್ಡು ಸುರಿದು ಒಂದೊಂದೇ ಅಂಗಡಿ ರಿಪೇರಿ ಮಾಡಿಸುವ ಆಟ. ನಾನೂ ಆ ಬಂಗಲೆ ಹುಡುಕಿಕೊಂಡು ಹೋದವನೇ. ಅಲ್ಲಿ ಬಂಗಲೆಯೂ ಇಲ್ಲ, ಅದಕ್ಕೆ ಏರುವ ಮೆಟ್ಟಿಲ ಸಾಲೂ ಇಲ್ಲ. ಒಂದು ಚೌಕ, ಒಂದು ಚರ್ಚು, ಸುತ್ತ 570 ಮೀಟರ್ ಗೋಡೆ, 14 ಗೋಪುರ. ಕಾಲು ಗಂಟೆಯಲ್ಲಿ ಊರು ಮುಗಿಯಿತು. ಗೋಡೆ ಹತ್ತಲು ಟಿಕೆಟ್ ಬೇಕು, ನಡೆಯಲು ಸಿಗುವುದೂ ಎರಡು ತುಂಡು ಮಾತ್ರ. ಆದರೂ ಹತ್ತಿ. ಸಿಯೆನಾದವರು 1213ರಲ್ಲಿ ಶುರು ಮಾಡಿದ ಕೋಟೆ ಇದು. ಗೇಮ್‌ನ ಮುಂದಿನ ಭಾಗದಲ್ಲಿ ಬೋರ್ಜಾ ಮನೆತನದ ಫಿರಂಗಿಗಳು ಇದನ್ನು ಒಡೆಯುತ್ತವೆ. ನಿಜದಲ್ಲಿ 1554ರಲ್ಲಿ ಕೋಟೆಯ ನಾಯಕನೇ ಬೀಗದ ಕೈ ಸಿಯೆನಾದ ವೈರಿಗಳಾದ ಫ್ಲಾರೆನ್ಸ್‌ನ ಮೆದಿಚಿ ಕಡೆಯವರಿಗೆ ಕೊಟ್ಟುಬಿಟ್ಟ. ನನಗಂತೂ ಫಿರಂಗಿಗಿಂತ ಈ ಕಥೆಯೇ ಹಿಡಿಸಿತು.

ಚೌಕದಲ್ಲಿ ಮಾತ್ರ ಊಟಕ್ಕೆ ಕೂರಬೇಡಿ. ಒಂದು ತಟ್ಟೆ ಪಾಸ್ತಾ, ಮೇಲೆ ಕೂತಿದ್ದಕ್ಕೇ 'ಕೊಪೆರ್ತೋ' ಅಂತ ಬೇರೆ ಲೆಕ್ಕ. ಹಸಿವು ತಡೆದುಕೊಂಡು ಸಿಯೆನಾಕ್ಕೆ ಬನ್ನಿ. ಅಲ್ಲಿ ಹಿಂದಿನ ಬೀದಿಯೊಂದರಲ್ಲಿ ನಾಲ್ಕೇ ಮೇಜಿನ ಖಾನಾವಳಿ, ಹೊರಗೆ ಬೋರ್ಡೂ ಇಲ್ಲ. ರಿಬೊಲ್ಲಿತಾ ಕೇಳಿದೆ: ಕಪ್ಪು ಸೊಪ್ಪು, ಬಿಳಿ ಹುರುಳಿಕಾಯಿ ಬೀಜ, ಹಳೇ ಬ್ರೆಡ್ಡು ಹಾಕಿ ಮತ್ತೆ ಮತ್ತೆ ಕುದಿಸಿದ್ದು. ನಮ್ಮ ಮನೆಯ ಮಾರನೇ ದಿನದ ಸೊಪ್ಪಿನ ಹುಳಿಯ ಹಾಗೇ ಗಟ್ಟಿ. ಖಾನಾವಳಿಯ ಅಜ್ಜಿ ಮೇಲೊಂದು ಸುತ್ತು ಆಲಿವ್ ಎಣ್ಣೆ ಬಿಟ್ಟು, ಪಕ್ಕಕ್ಕೆ ಹಸಿ ಈರುಳ್ಳಿ ಇಟ್ಟರು. ಟಸ್ಕನಿಯ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ, ಕಚ್ಚಿದರೆ ಸಪ್ಪೆ. ಈ ಹುಳಿಯಲ್ಲಿ ನೆನೆದ ಮೇಲೆ ಅದರ ಗುಟ್ಟು ಗೊತ್ತಾಗುತ್ತದೆ. ಎರಡು ಬಟ್ಟಲು ತಿಂದೆ. ಸಸ್ಯಾಹಾರಿಗಳು ಮಾಂಸದ ಸಾರು ಬೆರೆಸಿದ್ದಾರಾ ಅಂತ ಒಮ್ಮೆ ಕೇಳಿಕೊಳ್ಳಿ.

ಗೋಪುರ ಹತ್ತುವ ಚಪಲವಿದ್ದರೆ ಟಸ್ಕನಿಯದೇ ಇನ್ನೊಂದು ಊರು ಸಾನ್ ಜಿಮಿನ್ಯಾನೋಗೆ ಹೋಗಿ, 54 ಮೀಟರಿನ ತೋರೆ ಗ್ರೊಸ್ಸಾ ಗೋಪುರ ಇದೆ. ನನಗೆ ಜನಜಂಗುಳಿ ಆಗುವುದಿಲ್ಲ, ಹಾಗಾಗಿ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ನಿಂತಿದ್ದೆ. ಮೇಲೆ ನಾನು, ಒಂದು ಪಾರಿವಾಳ. ಕೆಳಗೆ ಇಣುಕಿ ನೋಡಿದೆ, ಗೇಮ್‌ನಲ್ಲಿ ಎಝಿಯೋ ಗೋಪುರದಿಂದ ಹಾರುವಂಥ ಹುಲ್ಲಿನ ಗಾಡಿ ಮಾತ್ರ ಎಲ್ಲೂ ಕಾಣಲಿಲ್ಲ.