ಗರಿಂಚಾನನ್ನು ಮುಗ್ಧನೆಂದು ಕರೆಯುವ ಮುನ್ನ

1983ರ ಜನವರಿಯಲ್ಲಿ ಬ್ರೆಜಿಲ್‌ನ ಫುಟ್‌ಬಾಲ್ ಆಟಗಾರ ಗರಿಂಚಾನ ಪಾರ್ಥಿವ ಶರೀರವನ್ನು ರಿಯೋ ಡಿ ಜನೈರೋದ ಮರಕಾನಾ ಕ್ರೀಡಾಂಗಣದಲ್ಲಿ ಸಾರ್ವಜನಿಕರ ದರ್ಶನಕ್ಕೆ ಇರಿಸಲಾಗಿತ್ತು. ಅಲ್ಲಿಂದ ಬೊಟಾಫೋಗೊ ಕ್ಲಬ್ಬಿನ ಬಾವುಟ ಹೊದಿಸಿದ ಶವಪೆಟ್ಟಿಗೆಯನ್ನು ಅಗ್ನಿಶಾಮಕ ದಳದ ವಾಹನದ ಮೇಲಿರಿಸಿ, ಆತನ ಹುಟ್ಟೂರಾದ ಪೌ ಗ್ರಾಂಡೆಯ ಕಡೆಗೆ ಒಯ್ಯುವಾಗ ದಾರಿಯುದ್ದಕ್ಕೂ ಜನ ಕಿಕ್ಕಿರಿದು ನಿಂತಿದ್ದರು. ಆತನಿಗೆ ಆಗ 49 ವರ್ಷ. ಆಟ ನಿಲ್ಲಿಸಿ ಹತ್ತು ವರ್ಷಗಳಾಗಿದ್ದವು, ಕುಡಿತ ದೇಹವನ್ನು ಪೂರ್ತಿ ತಿಂದುಹಾಕಿತ್ತು, ಗಳಿಸಿದ್ದೆಲ್ಲ ಕರಗಿಹೋಗಿತ್ತು. ಕೊನೆಯ ವರ್ಷಗಳಲ್ಲಿ ಆಸ್ಪತ್ರೆ ಮತ್ತು ಮದ್ಯದಂಗಡಿಗಳ ನಡುವೆ ಅಲೆಯುತ್ತಿದ್ದ ಒಬ್ಬ ಮನುಷ್ಯನಿಗಾಗಿ ಅಷ್ಟೊಂದು ಜನ ಬೀದಿಗಿಳಿದದ್ದು ಕೇವಲ ಕನಿಕರದಿಂದಲ್ಲ, ತಮಗೆ ಸಿಕ್ಕಿದ್ದ ಸಂತೋಷದ ಋಣವನ್ನು ಅವರು ಮರೆತಿರಲಿಲ್ಲ ಎಂದೇ ನಾನು ನಂಬಿದ್ದೇನೆ.

ಆ ಸಂತೋಷ ಎಂಥದ್ದೆಂಬುದನ್ನು ಹಳೆಯ ಕಪ್ಪು-ಬಿಳುಪು ಚಿತ್ರಗಳಲ್ಲಿ ಈಗಲೂ ಕಾಣಬಹುದು. ಗರಿಂಚಾನ ಎರಡೂ ಕಾಲುಗಳು ಒಂದೇ ದಿಕ್ಕಿಗೆ ಬಾಗಿದ್ದವು, ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿತ್ತು. ಬಲ ಅಂಚಿನಲ್ಲಿ ಆತ ಚೆಂಡನ್ನು ಕಾಲಬಳಿ ನಿಲ್ಲಿಸಿ ಎದುರಾಳಿ ಹತ್ತಿರ ಬರಲೆಂದು ಕಾಯುತ್ತಾನೆ. ಮೈ ಎಡಕ್ಕೆ ವಾಲುತ್ತದೆ, ಚೆಂಡು ಮಾತ್ರ ಇದ್ದಲ್ಲಿಂದ ಅಲುಗುವುದಿಲ್ಲ; ಎದುರಾಳಿ ಅತ್ತ ಒಂದು ಹೆಜ್ಜೆ ಇಟ್ಟು, ಮೋಸಹೋದೆನೆಂದು ಅರಿತು ಹಿಂದಿರುಗುವಷ್ಟರಲ್ಲಿ ಆತ ಮತ್ತೆ ಅದೇ ಭಂಗಿಗೆ ಮರಳಿರುತ್ತಾನೆ. ಆಮೇಲೆ ಒಮ್ಮೆಲೇ ಬಲಕ್ಕೆ ನುಗ್ಗಿಬಿಡುತ್ತಾನೆ. ಆತ ಬಲಕ್ಕೇ ಹೋಗುತ್ತಾನೆಂಬುದು ಮೈದಾನದಲ್ಲಿದ್ದವರಿಗೂ ಗೊತ್ತಿತ್ತು, ಮೆಟ್ಟಿಲುಗಳ ಮೇಲೆ ಕುಳಿತ ಪ್ರೇಕ್ಷಕರಿಗೂ ಗೊತ್ತಿತ್ತು. ಯಾವ ಗಳಿಗೆಯಲ್ಲಿ ಎಂಬುದು ಮಾತ್ರ ಯಾರಿಗೂ ತಿಳಿಯುತ್ತಿರಲಿಲ್ಲ. 1953ರಲ್ಲಿ ಬೊಟಾಫೋಗೊ ಕ್ಲಬ್ಬಿನಲ್ಲಿ ಪರೀಕ್ಷೆಗೆಂದು ಆಡಿಸಿದಾಗ, ಆಗಲೇ ಬ್ರೆಜಿಲ್ ತಂಡದ ಆಟಗಾರನಾಗಿದ್ದ ನಿಲ್ಟನ್ ಸ್ಯಾಂಟೋಸ್ ಇದೇ ಬಲೆಗೆ ಬಿದ್ದ. ಈ ಹುಡುಗನನ್ನು ಬಿಡಬೇಡಿ ಎಂದು ಕ್ಲಬ್ಬಿಗೆ ಒತ್ತಾಯಿಸಿದವನೂ ಆತನೇ.

1958ರ ವಿಶ್ವಕಪ್‌ನ ಮೊದಲ ಎರಡು ಪಂದ್ಯಗಳಲ್ಲಿ ಆಡಿಸದೆ ಕೂರಿಸಿದ್ದ ಗರಿಂಚಾನನ್ನು ಸೋವಿಯತ್ ಒಕ್ಕೂಟದ ವಿರುದ್ಧ ಕಣಕ್ಕಿಳಿಸಿದಾಗ, ಮೊದಲ ನಿಮಿಷದಲ್ಲೇ ಆತನ ಹೊಡೆತ ಗೋಲುಕಂಬಕ್ಕೆ ಬಡಿಯಿತು; ಪೆಲೆಯ ಹೊಡೆತವೂ ಕಂಬಕ್ಕೆ ತಾಗಿತು; ಮೂರನೆಯ ನಿಮಿಷದಲ್ಲಿ ಸಹ ಆಟಗಾರ ವಾವಾ ಗೋಲು ಗಳಿಸಿದ. ನಾಲ್ಕು ವರ್ಷಗಳ ನಂತರ ಚಿಲಿಯಲ್ಲಿ, ಎರಡನೆಯ ಪಂದ್ಯದಲ್ಲೇ ಪೆಲೆ ಗಾಯಗೊಂಡು ಹೊರಬಿದ್ದ ಮೇಲೆ, ತಂಡವನ್ನು ಪ್ರಶಸ್ತಿಯವರೆಗೆ ಎಳೆದುಕೊಂಡು ಹೋದದ್ದು ಗರಿಂಚಾ. ಅವರಿಬ್ಬರೂ ಜೊತೆಯಾಗಿ ಆಡಿದ ಒಂದು ಪಂದ್ಯದಲ್ಲೂ ಬ್ರೆಜಿಲ್ ಸೋಲಲಿಲ್ಲ.

ಅಭಿಮಾನಿಗಳು ಆತನನ್ನು ನೆನೆಯುವ ಬಗೆಯ ಕುರಿತು ನನಗೊಂದು ತಕರಾರಿದೆ. ಗರಿಂಚಾನ ಕಥೆ ಹೇಳುವವರು ಬಹುಪಾಲು ಆತನನ್ನು ಮಗುವಿನಂಥವನು, ಲೋಕಜ್ಞಾನವಿಲ್ಲದವನು, ಹಕ್ಕಿಯಂತೆ ಹಾಡಿ ಹಾರಿಹೋದವನು ಎಂದು ಬಣ್ಣಿಸುತ್ತಾರೆ. ಪ್ರೀತಿಯಿಂದಲೇ ಹೇಳುವ ಮಾತಿದು, ನಿಜ. ಆದರೆ ಈ ಮುಗ್ಧತೆಯ ಮಾತು ಬಹಳಷ್ಟನ್ನು ಮುಚ್ಚಿಡುತ್ತದೆ. ಓದದೆಯೇ ಆತ ಸಹಿ ಹಾಕುತ್ತಿದ್ದ ಒಪ್ಪಂದಗಳಿಂದ ಲಾಭ ಪಡೆದವರಿದ್ದರು. ಸವೆದು ಊದಿಕೊಂಡ ಮೊಣಕಾಲಿಗೆ ಚುಚ್ಚುಮದ್ದು ಕೊಟ್ಟು ಮೈದಾನಕ್ಕಿಳಿಸಿದವರೂ ಇದ್ದರು. ಆತ ಆಡಿದರಷ್ಟೇ ವಿದೇಶ ಪ್ರವಾಸದ ಪಂದ್ಯಗಳಿಗೆ ಒಳ್ಳೆಯ ಹಣ ಬರುತ್ತಿತ್ತು. ಅದನ್ನೆಲ್ಲ ‘ಪಾಪ, ಅವನಿಗೆ ತಿಳಿಯುತ್ತಿರಲಿಲ್ಲ’ ಎಂಬ ಒಂದೇ ಮಾತಿನಲ್ಲಿ ಮುಗಿಸಿದರೆ ತಿಳಿದೂ ಮಾಡಿದವರು ತಪ್ಪಿಸಿಕೊಳ್ಳುತ್ತಾರೆ.

ಇನ್ನೊಂದು ಬದಿಯಲ್ಲಿ, ಆತನಿಂದ ನೊಂದವರೂ ಈ ಕಥೆಯಿಂದ ಕಾಣೆಯಾಗುತ್ತಾರೆ. ಹೆಂಡತಿ ನಾಯಿರ್ ಮತ್ತು ಎಂಟು ಹೆಣ್ಣುಮಕ್ಕಳನ್ನು ಬಿಟ್ಟು ಆತ ಗಾಯಕಿ ಎಲ್ಜಾ ಸೊಆರಿಸ್ ಜೊತೆ ಬಾಳತೊಡಗಿದಾಗ, ಜನರ ಸಿಟ್ಟೆಲ್ಲ ತಿರುಗಿದ್ದು ಎಲ್ಜಾಳ ಮೇಲೆ. 1969ರಲ್ಲಿ ಆತ ಓಡಿಸುತ್ತಿದ್ದ ಕಾರು ಅಪಘಾತಕ್ಕೀಡಾಗಿ ಎಲ್ಜಾಳ ತಾಯಿ ಸತ್ತಳು. ಆತನನ್ನು ಕುಡಿತದಿಂದ ಬಿಡಿಸಲು ವರ್ಷಗಟ್ಟಲೆ ಹೆಣಗಿದವಳು ಎಲ್ಜಾ. ಆತನ ಕೈಯಿಂದ ಏಟು ತಿಂದವಳೂ ಅವಳೇ. 1977ರಲ್ಲಿ ಅವಳು ದೂರವಾದಳು. ಇಷ್ಟಾದರೂ ಮುಂದೆ ಅವಳು ಆತನನ್ನು ಪ್ರೀತಿಯಿಂದಲೇ ಸ್ಮರಿಸುತ್ತಿದ್ದಳು, ಆದರೆ ನಡೆದದ್ದನ್ನು ಮುಚ್ಚಿಡದೆ. 2022ರ ಜನವರಿ 20ರಂದು, ಗರಿಂಚಾ ತೀರಿಕೊಂಡು ಸರಿಯಾಗಿ 39 ವರ್ಷ ತುಂಬಿದ ದಿನವೇ, ಅವಳೂ ತೀರಿಕೊಂಡಳು. ಅಭಿಮಾನಿಗಳಾದ ನಾವು ಹೇಗೆ ನೆನೆಯಬೇಕೆಂಬುದಕ್ಕೆ ನನಗೆ ಅವಳ ರೀತಿಯೇ ಮಾದರಿಯಾಗಿ ತೋರುತ್ತದೆ.

1980ರ ಕಾರ್ನಿವಾಲ್ ಮೆರವಣಿಗೆಯಲ್ಲಿ ಮಂಗೇರಾ ಸಾಂಬಾ ಶಾಲೆಯವರು (ಕಾರ್ನಿವಾಲ್‌ನಲ್ಲಿ ಹಾಡಿ ಕುಣಿಯುವ ಸಂಘದವರು) ಗರಿಂಚಾನನ್ನು ಅಲಂಕರಿಸಿದ ರಥದ ಮೇಲೆ ಕೂರಿಸಿ ಗೌರವಿಸಿದರು. ಸುತ್ತಲೂ ವಾದ್ಯಗಳ ಅಬ್ಬರವಿದ್ದರೂ ಆತ ಮಾತ್ರ ಮಂಕಾಗಿ, ಎಲ್ಲಿದ್ದೇನೆಂಬ ಅರಿವೂ ಇಲ್ಲದವನಂತೆ ಕುಳಿತಿದ್ದ. ಗೌರವಿಸಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಆರೈಕೆ ಬೇಕಾಗಿದ್ದ ಮನುಷ್ಯನಿಗೆ ಸಿಕ್ಕಿದ್ದು ಮೆರವಣಿಗೆ ಎಂಬುದು ನನ್ನನ್ನು ಇಂದಿಗೂ ಕಲಕುತ್ತದೆ. ಅದಕ್ಕೂ ಮುಂಚೆ, 1973ರ ಡಿಸೆಂಬರಿನಲ್ಲಿ, ಆತನ ಬೀಳ್ಕೊಡುಗೆ ಪಂದ್ಯಕ್ಕೆ ಮರಕಾನಾದಲ್ಲಿ 1,30,000ಕ್ಕೂ ಹೆಚ್ಚು ಜನ ಸೇರಿದ್ದರು. ಜನರ ಪ್ರೀತಿಗೆ ಯಾವತ್ತೂ ಕೊರತೆಯಿರಲಿಲ್ಲ. ಆ ಪ್ರೀತಿ ಮೈದಾನದಿಂದ ಆತನ ಮನೆಯ ಬಾಗಿಲಿನವರೆಗೆ ಹೋಗುವ ದಾರಿಯನ್ನು ಮಾತ್ರ ಯಾರೂ ನಿರ್ಮಿಸಿರಲಿಲ್ಲ. ಸತ್ತ ಮೇಲೂ ಹಾಗೆಯೇ: 2017ರಲ್ಲಿ, ಆತನ ಅಸ್ಥಿ ನಿಖರವಾಗಿ ಎಲ್ಲಿದೆಯೆಂದು ಖಚಿತವಾಗಿ ಹೇಳಲು ಸ್ಮಶಾನದ ಆಡಳಿತಕ್ಕೂ ಸಾಧ್ಯವಾಗಲಿಲ್ಲ.

ಗರಿಂಚಾನ ಆಟವನ್ನು ಇನ್ನೂ ನೋಡದವರು 1962ರ ಕ್ವಾರ್ಟರ್‌ಫೈನಲ್, ಅಂದರೆ ಇಂಗ್ಲೆಂಡ್ ವಿರುದ್ಧದ ಪಂದ್ಯದಿಂದ ಆರಂಭಿಸಿ. ಅಂಚಿನಲ್ಲಿ ಎದುರಾಳಿಯನ್ನು ಕಂಗೆಡಿಸುವುದಷ್ಟೇ ಆತನಿಗೆ ಗೊತ್ತಿತ್ತೆಂಬ ಮಾತು ಆ ಒಂದು ಪಂದ್ಯದಲ್ಲೇ ಸುಳ್ಳಾಗುತ್ತದೆ. ಎತ್ತರದ ರಕ್ಷಣಾ ಆಟಗಾರರ ನಡುವೆ ಜಿಗಿದು ಕಾರ್ನರ್‌ನಿಂದ ಬಂದ ಚೆಂಡನ್ನು ತಲೆಯಿಂದ ಗೋಲಿಗೆ ಹೊಡೆಯುತ್ತಾನೆ. ಆತನ ಫ್ರೀಕಿಕ್ ಗೋಲ್‌ಕೀಪರ್‌ಗೆ ತಾಗಿ ಚಿಮ್ಮಿದಾಗ ವಾವಾ ಅದನ್ನು ಗೋಲಾಗಿಸುತ್ತಾನೆ. ಆಮೇಲೆ ಪೆನಾಲ್ಟಿ ಪ್ರದೇಶದ ಹೊರಗಿನಿಂದ ಆತನೇ ಬಾರಿಸಿದ ಚೆಂಡು ಗಾಳಿಯಲ್ಲಿ ಬಾಗಿ ಬಲೆಯ ಮೂಲೆ ಸೇರುತ್ತದೆ. ಮೂರನ್ನೂ ನೋಡಿ. ಹುಟ್ಟಿನಿಂದ ಬಂದ ಪ್ರತಿಭೆ ಅದರಲ್ಲಿ ಎಷ್ಟಿದೆಯೋ, ಸಮಯವರಿತು ತೆಗೆದುಕೊಂಡ ನಿರ್ಧಾರವೂ ಅಷ್ಟೇ ಇದೆ.