ಹದಿನೆಂಟು ತುಂಬಿದ ಮೇಲೆ ಏನು ಟೀಚರೇ?

ಕಾಸರಗೋಡಿನ ಗಡಿಭಾಗದಲ್ಲಿ ಅಂಗವಿಕಲ ಮಕ್ಕಳ ವಿಶೇಷ ಶಾಲೆಯಲ್ಲಿ ಪಾಠ ಮಾಡುವವಳಿಗೆ ಮದುವೆ ಮನೆಯಲ್ಲೂ ಬಸ್ಸಿನಲ್ಲೂ ದೇವಸ್ಥಾನದ ಆಯನದ ಗದ್ದಲದಲ್ಲೂ ಎದುರಾಗುವ ಪ್ರಶ್ನೆ ಒಂದೇ: "ಇವನಿಗೆ ಹದಿನೆಂಟು ತುಂಬಿದ ಮೇಲೆ ಏನು ಟೀಚರೇ?" ಕೇಳುವವರು ಹೆಚ್ಚಾಗಿ ತಾಯಂದಿರು. ಮಗನಿಗೆ ಆಗಲೇ ಹದಿನೇಳೂವರೆ ದಾಟಿರುತ್ತದೆ. ನನ್ನ ಉತ್ತರ ಅವರಿಗೆ ಅಷ್ಟಾಗಿ ರುಚಿಸುವುದಿಲ್ಲ. ಇದು ಹದಿನಾಲ್ಕರಲ್ಲಿ ಕೇಳಬೇಕಾದ ಪ್ರಶ್ನೆ. ಸೇರಿಸಲು ಜಾಗ ಹುಡುಕುವುದು ಕೊನೆಯ ಕೆಲಸ. ಅದಕ್ಕಿಂತ ಮೊದಲು ಆಗಬೇಕಾದದ್ದು ಬೇಕಾದಷ್ಟಿದೆ, ಅದರಲ್ಲಿ ಹೆಚ್ಚಿನ ಪಾಲು ಶಾಲೆಯಲ್ಲಿ ಅಲ್ಲ, ಮನೆಯಲ್ಲಿ.

ಹದಿನೆಂಟಕ್ಕೆ ನಿಲ್ಲುವುದು ಏನೇನು ಎಂದು ಮೊದಲು ನೋಡಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿರುವ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿರುವುದು 6ರಿಂದ 18 ವರ್ಷದವರೆಗೆ. ಮಕ್ಕಳ ಆರೋಗ್ಯ ತಪಾಸಣೆಯ ಸರಕಾರಿ ಕಾರ್ಯಕ್ರಮವೂ ಹದಿನೆಂಟಕ್ಕೆ ಮುಗಿಯುತ್ತದೆ. ಕೇರಳ ಸರಕಾರದ ಬಡತನ ನಿವಾರಣಾ ಯೋಜನೆಯಾದ ಕುಟುಂಬಶ್ರೀಯ ಬೆಂಬಲದಿಂದ ಪಂಚಾಯತುಗಳು ಬೌದ್ಧಿಕ ಅಸಾಮರ್ಥ್ಯದ ಮಕ್ಕಳಿಗಾಗಿ ನಡೆಸುವ ಬಡ್ಸ್ ಶಾಲೆ ಹದಿನೆಂಟರವರೆಗೆ, ಆಮೇಲಿನವರಿಗೆ ಬಡ್ಸ್ ಪುನರ್ವಸತಿ ಕೇಂದ್ರ. ಬ್ಯಾಂಕಿನಲ್ಲಿ ಅಪ್ರಾಪ್ತರ ಖಾತೆ ಅಲ್ಲಿಗೆ ಮುಗಿದು ಹೊಸ ಸಹಿ ಕೇಳುತ್ತಾರೆ. ಬೌದ್ಧಿಕ ಅಸಾಮರ್ಥ್ಯದ ಪ್ರಮಾಣಪತ್ರವನ್ನು 18ರಲ್ಲಿ ಮತ್ತೆ ಮಾಡಿಸಬೇಕು. ಆಗ ಸಿಗುವುದು ಜೀವನಪೂರ್ತಿ ನಡೆಯುತ್ತದೆ. ಇವೆಲ್ಲ ಬೇರೆ ಬೇರೆ ಇಲಾಖೆಗಳ ಕೆಲಸ. ಒಬ್ಬರು ಕೈಬಿಡುವಾಗ ಇನ್ನೊಬ್ಬರಿಗೆ ಹೇಳಿ ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಅಮೆರಿಕದಲ್ಲಿ ವಿಶೇಷ ಶಿಕ್ಷಣ ಪಡೆಯುವ ವಿದ್ಯಾರ್ಥಿಗೆ 16 ತುಂಬುವಷ್ಟರಲ್ಲಿ ಶಾಲೆಯ ನಂತರದ ಬದುಕಿನ ಯೋಜನೆಯನ್ನು ಶಾಲೆಯೇ ಬರೆದಿಡಬೇಕೆಂದು ಕಾನೂನಿದೆ. ಇಲ್ಲಿ ಆ ಯೋಜನೆ ತಾಯಿಯ ಕೈಚೀಲದಲ್ಲಿರುವ ಪ್ಲಾಸ್ಟಿಕ್ ಫೈಲು.

ಆ ಫೈಲಿನ ಬಗ್ಗೆ ಒಂದು ಮಾತು. ಪ್ರಮಾಣಪತ್ರಕ್ಕೆ ಬುದ್ಧಿಮತ್ತೆ ಅಳೆಯುವ ಮನಶ್ಶಾಸ್ತ್ರಜ್ಞರ ಮುಂದೆ ಕೂತಾಗ ಮಗುವಿನ ಮನೆಮಾತು ಯಾವುದೆಂದು ಮೊದಲು ಹೇಳಿ. ನಮ್ಮ ಕಡೆಯ ಮಗು ಮನೆಯಲ್ಲಿ ತುಳುವೋ ಹವ್ಯಕವೋ ಕರಾಡ ಮರಾಠಿಯೋ ಕೇಳಿ ಬೆಳೆದು, ಶಾಲೆಯಲ್ಲಿ ಕನ್ನಡ ಕಲಿತು, ಪರೀಕ್ಷೆಯ ಮೇಜಿನ ಮುಂದೆ ಮಲಯಾಳದ ಪ್ರಶ್ನೆ ಎದುರಿಸುತ್ತದೆ. ಉತ್ತರ ಬಾರದಿದ್ದರೆ ಬುದ್ಧಿ ಇಲ್ಲವೆಂದು ಬರೆದುಕೊಳ್ಳುತ್ತಾರೆ. ಒಂದು ಕಡೆ ಹೀಗೆ "ತೀವ್ರ" ಎಂದು ಬರೆಸಿಕೊಂಡು ಬಂದ ಹುಡುಗಿಯೊಬ್ಬಳು ಅದೇ ಸಂಜೆ ಅಂಗಡಿಗೆ ಹೋಗಿ ಅಜ್ಜಿಗೆ ಎಲೆ, ಹೊಗೆಸೊಪ್ಪು ತಂದು ಚಿಲ್ಲರೆ ಎಣಿಸಿ ಕೊಟ್ಟಿದ್ದನ್ನು ನಾನು ಕಂಡಿದ್ದೇನೆ. ವೈಕಲ್ಯದ ಶೇಕಡಾ ಹೆಚ್ಚು ಬಂದರೆ ಪಿಂಚಣಿಗೆ ಒಳ್ಳೆಯದಲ್ಲವೇ ಎನ್ನುವವರಿದ್ದಾರೆ. ಪಿಂಚಣಿಗೆ ಒಳ್ಳೆಯದು, ನಿಜ. ಕೆಲಸ ಕೊಡುವವನು ಮಾತ್ರ ಆ ಕಾಗದ ನೋಡಿ ಬಾಗಿಲು ಹಾಕುತ್ತಾನೆ.

ಕೆಲಸದ ಮಾತಿಗೆ ಬರೋಣ. ವಿಶೇಷ ಶಾಲೆಗಳಲ್ಲಿ ವೃತ್ತಿ ತರಬೇತಿ ಎಂದರೆ ಮೇಣದಬತ್ತಿ, ಫಿನಾಯಿಲ್, ಕಾಗದದ ಲಕೋಟೆ. (ಅಷ್ಟೊಂದು ಮೇಣದಬತ್ತಿಯನ್ನು ಕೊಳ್ಳುವವರು ಯಾರು ಎಂದು ಯಾವ ಸಭೆಯಲ್ಲೂ ಚರ್ಚೆಯಾದದ್ದಿಲ್ಲ.) ನಮ್ಮ ಒಬ್ಬ ಹುಡುಗನಿಗೆ ಇಪ್ಪತ್ತರ ಮೇಲೆ ಎಣಿಸಲು ಬರುತ್ತಿರಲಿಲ್ಲ, ಹೆಸರು ಬರೆಯಲೂ ಬಾರದು. ಆದರೆ ಮನೆಯಲ್ಲಿ ಅಜ್ಜ ಸುಲಿದ ಅಡಿಕೆಯನ್ನು ಚಾವಡಿಯಲ್ಲಿ ಹರಡಿ ಕೂತರೆ ಇವನೂ ಪಕ್ಕದಲ್ಲಿ ಕೂರುತ್ತಿದ್ದ. ಅಡಿಕೆಯನ್ನು ಹೆಬ್ಬೆರಳಿನಡಿ ಒಮ್ಮೆ ಉರುಳಿಸುವುದು. ಸೀಳು ತಾಗಿದರೆ ಪಟೋರದ ಬುಟ್ಟಿಗೆ, ಕಪ್ಪಾಗಿ ಮುರುಟಿದ್ದರೆ ಕರಿಗೋಟಿನ ಬುಟ್ಟಿಗೆ, ಸರಿಯಿದ್ದರೆ ಗೋಣಿಗೆ. ಕಣ್ಣು ಹೆಚ್ಚಾಗಿ ಹಿತ್ತಿಲ ಕೋಳಿಗಳ ಮೇಲೆ, ತಪ್ಪು ಮಾತ್ರ ಅಪರೂಪ. ಶಾಲೆಯ ಯಾವ ದಾಖಲೆಯಲ್ಲೂ ಈ ಸಾಮರ್ಥ್ಯದ ಸುಳಿವಿರಲಿಲ್ಲ. ಈಗ ನೆರೆಯ ತೋಟದವರಲ್ಲಿ ಅಡಿಕೆಯ ಸಮಯದಲ್ಲಿ ಅರ್ಧ ದಿನ ಇದೇ ಕೆಲಸ ಮಾಡುತ್ತಾನೆ. ಕೂಲಿಯನ್ನು ಅಪ್ಪನ ಕೈಗೆ ಕೊಡಕೂಡದು, ಅವನ ಕೈಗೇ ಕೊಡಬೇಕು ಎಂಬುದು ನಾವು ಹಾಕಿದ ಷರತ್ತು. ಅಪ್ಪನಿಗೆ ಸ್ವಲ್ಪ ಬೇಸರವಾಯಿತು. ಆಗಲಿ.

ಒಬ್ಬರೇ ಓಡಾಡುವುದನ್ನು ಕಲಿಸುವುದು ಇನ್ನೂ ಕಷ್ಟ. 2018ರಲ್ಲಿ ಕೇರಳ ಸರಕಾರ ಖಾಸಗಿ ಬಸ್ಸುಗಳಿಗೆಲ್ಲ ನಿಗದಿತ ಬಣ್ಣದ ನಿಯಮ ತಂದ ಮೇಲೆ ಓದಲು ಬಾರದವರು ಬಣ್ಣದಿಂದ ಬಸ್ಸು ಗುರುತಿಸುವ ದಾರಿ ಮುಚ್ಚಿಹೋಯಿತು. ನಮ್ಮ ಕಡೆ ಎಲ್ಲವೂ ತಿಳಿನೀಲಿ. ಆಗ ಉಳಿಯುವುದು ಎದುರಿನ ಗಾಜಿನ ಮೇಲಿನ ಚಿತ್ರ, ನಿರ್ವಾಹಕನ ಮುಖ, ಬರುವ ಹೊತ್ತು. ಆ ನಿರ್ವಾಹಕನಿಗೆ ಮೊದಲೇ ಹೇಳಿಡಬೇಕು. ಮೊದಲು ಜೊತೆಯಲ್ಲಿ, ಆಮೇಲೆ ಎರಡು ಸೀಟು ಹಿಂದೆ, ಆಮೇಲೆ ಇಳಿಯುವ ನಿಲ್ದಾಣದಲ್ಲಿ ಕಾಯುತ್ತಾ ಹೀಗೆ ತಿಂಗಳುಗಟ್ಟಲೆ. ಹದಿನೇಳೂವರೆಗೆ ಶುರು ಮಾಡಿದರೆ ಮುಗಿಯುವ ಕೆಲಸವಲ್ಲ. ಇನ್ನೊಂದು, ಹೇಳಲು ಮುಜುಗರವಾದರೂ ಹೇಳಬೇಕಾದದ್ದು: ಎಂಟು ವರ್ಷದಲ್ಲಿ ಕಂಡವರನ್ನೆಲ್ಲ ಅಪ್ಪಿಕೊಂಡರೆ ಮುದ್ದು, ಇಪ್ಪತ್ತಕ್ಕೆ ಅದೇ ಪೊಲೀಸು ದೂರು. ಕೈ ಮುಗಿಯುವುದನ್ನು ಕಲಿಸಿ, ಈಗಲೇ.

ಎಸ್‌ಎಸ್‌ಎಲ್‌ಸಿ ಮುಗಿಸಿ ಮುಂದೆ ಓದುವವರ ದಾರಿ ಬೇರೆ. ಉನ್ನತ ಶಿಕ್ಷಣದಲ್ಲಿ ಶೇ. 5 ಮೀಸಲಾತಿ ಇದೆ, ಬರೆಯುವ ಸಹಾಯಕರೂ ಹೆಚ್ಚುವರಿ ಸಮಯವೂ ಸಿಗುತ್ತದೆ. ಆದರೆ ಹತ್ತರಲ್ಲಿ ಸಿಕ್ಕಿದ್ದು ತಾನಾಗಿ ಪ್ಲಸ್‌ ವನ್‌ಗೆ ಬರುತ್ತದೆಂದು ನಂಬಿ ಕೂರಬೇಡಿ, ಸೇರಿದ ವಾರವೇ ಹೊಸದಾಗಿ ಕೇಳಿ. ಕನ್ನಡದಲ್ಲಿ ಬರೆಯಬಲ್ಲ ಸಹಾಯಕರನ್ನು ಪರೀಕ್ಷೆಯ ಮುನ್ನಾದಿನ ಹುಡುಕಿದರೆ ಸಿಗುವುದಿಲ್ಲ.

ಇನ್ನು ಎಲ್ಲರೂ ಅವಸರ ಮಾಡುವ ವಿಷಯ: ಪೋಷಕತ್ವ. ಹದಿನೆಂಟಾದ ಮೇಲೆ ತಂದೆ ತಾಯಿ ಕಾನೂನಿನ ಕಣ್ಣಿನಲ್ಲಿ ಸಹಜ ಪೋಷಕರಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಬಹುವಿಧ ವೈಕಲ್ಯ ಇರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಮಟ್ಟದ ಸಮಿತಿ ಪೋಷಕರನ್ನು ನೇಮಿಸುತ್ತದೆ. ನಮ್ಮ ಜಿಲ್ಲೆಯಲ್ಲಿ ಇದು ಬರೀ ಕಾಗದದ ಮಾತಲ್ಲ. ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು 2000ದವರೆಗೆ. ಎಣ್ಮಕಜೆಯಂಥ ಊರುಗಳಲ್ಲಿ ಅದರ ಸಂತ್ರಸ್ತರಾದ ಅಂದಿನ ಮಕ್ಕಳು ಇಂದು ಮೂವತ್ತು ನಲವತ್ತು ದಾಟಿದವರು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಅಷ್ಟು ಹಣ ಖಾತೆಗೆ ಬಂದಾಗ ಸಹಿ ಯಾರದ್ದು ಎಂಬ ಪ್ರಶ್ನೆ ಮನೆಯೊಳಗೇ ಎದ್ದು ನಿಲ್ಲುತ್ತದೆ.

ಏನೂ ನಿರ್ಧರಿಸಲಾಗದವರಿಗೆ ಪೋಷಕತ್ವ ಬೇಕು, ಮಾಡಿಸಿ. ಆದರೆ ತನ್ನ ಹೆಸರು ಬರೆಯುವ, ಹಣ ಯಾವುದಕ್ಕೆ ಬೇಕೆಂದು ಹೇಳಬಲ್ಲವರ ಸಹಿಯನ್ನೂ ಕಿತ್ತುಕೊಳ್ಳುವ ಆತುರ ನನಗೆ ಒಪ್ಪಿಗೆಯಿಲ್ಲ. 2016ರ ಕಾಯ್ದೆಯಲ್ಲಿ ಸೀಮಿತ ಪೋಷಕತ್ವ ಎಂಬ ವ್ಯವಸ್ಥೆಯಿದೆ. ನಿರ್ದಿಷ್ಟ ವಿಷಯಕ್ಕೆ, ನಿರ್ದಿಷ್ಟ ಅವಧಿಗೆ, ಪೋಷಕರೂ ಆ ವ್ಯಕ್ತಿಯೂ ಕೂಡಿ ತೀರ್ಮಾನಿಸುವುದು. ಬ್ಯಾಂಕಿನವರು ಹಾಗೊಂದು ಇಲ್ಲವೆಂದರೆ 14ನೆಯ ಕಲಮು ಎಂದು ಹೇಳಿ. ಮತದಾರರ ಪಟ್ಟಿಗೂ ಹೆಸರು ಸೇರಿಸಿ. ನ್ಯಾಯಾಲಯ ಚಿತ್ತಸ್ವಾಸ್ಥ್ಯವಿಲ್ಲವೆಂದು ಘೋಷಿಸಿದವರಿಗೆ ಮಾತ್ರ ಅದು ನಿಷಿದ್ಧ. ವೈದ್ಯರ ಚೀಟಿಯಲ್ಲಿ ಬರೆದದ್ದರಿಂದ ಮತದ ಹಕ್ಕು ಹೋಗುವುದಿಲ್ಲ.

ಶಾಲೆ ಬಿಟ್ಟು ಪುನರ್ವಸತಿ ಕೇಂದ್ರಕ್ಕೆ ಹೋಗುವವರ ಜೊತೆಗೆ ನಾನು ಒಂದು ಬರಹ ಕಳುಹಿಸುತ್ತೇನೆ, ಒಂದು ಬದಿ ಕನ್ನಡ, ಇನ್ನೊಂದು ಬದಿ ಮಲಯಾಳ. ಅಲ್ಲಿಯ ಸಿಬ್ಬಂದಿಗೆ ಕನ್ನಡ ಬಾರದಿರಬಹುದು. ಕಾಯಿಲೆಯ ಹೆಸರಿಗಿಂತ ಅದರಲ್ಲಿ ಹೆಚ್ಚಾಗಿ ಇರುವುದು ಇಂಥವು: ಎಡಗೈ ಬೆರಳು ಕಚ್ಚಿದರೆ ಬೇಡ ಎಂದು ಅರ್ಥ. ಗಂಜಿಗೆ ಉಪ್ಪಿನಕಾಯಿ ಮುಟ್ಟಿಸಬೇಡಿ, ತಟ್ಟೆ ಎಸೆಯುತ್ತಾಳೆ. ಅಪಸ್ಮಾರದ ಮಾತ್ರೆ ರಾತ್ರಿ ಎಂಟಕ್ಕೆ, ಕಂಪೆನಿ ಬದಲಾಯಿಸುವ ಮೊದಲು ವೈದ್ಯರನ್ನು ಕೇಳಿ. ಮುಟ್ಟಿನ ದಿನಗಳಲ್ಲಿ ಬಟ್ಟೆ ತಾನೇ ಬದಲಾಯಿಸುತ್ತಾಳೆ, ಬಾಗಿಲ ಹೊರಗೆ ನಿಂತರೆ ಸಾಕು. ಮಕ್ಕಳ ವೈದ್ಯರಿಂದ ದೊಡ್ಡವರ ವೈದ್ಯರಿಗೆ ಬದಲಾಗುವಾಗಲೂ ಇಂಥದ್ದೇ ಒಂದು ಬೇಕು, ಮಂಗಳೂರಿನ ಆಸ್ಪತ್ರೆಗೆ ಓಡಾಡುವವರಿಗಂತೂ ಖಂಡಿತ. ಮಕ್ಕಳ ವೈದ್ಯರ ಕೈಯಲ್ಲೇ ಬರೆಸಿಕೊಂಡು ಹೊರಡಿ.

ಇಷ್ಟೆಲ್ಲ ಕೇಳಿದ ಮೇಲೆ ತಾಯಂದಿರು ದನಿ ತಗ್ಗಿಸಿ ನಿಜವಾದ ಪ್ರಶ್ನೆ ಕೇಳುತ್ತಾರೆ: "ನಾವು ಹೋದ ಮೇಲೆ?" ಅದಕ್ಕೆ ಸಮಾಧಾನದ ಮಾತು ನನ್ನಲ್ಲಿಲ್ಲ. ಹಗಲಿನ ಕೇಂದ್ರಗಳಿವೆ; ರಾತ್ರಿ ಉಳಿಸಿಕೊಳ್ಳುವ, ಕನ್ನಡ ತಿಳಿಯುವ, ಮನಸ್ಸೊಪ್ಪಿ ಬಿಡಬಹುದಾದ ಮನೆಗಳು ಸಾಲವು. ಆದ್ದರಿಂದ ನಾನು ಹೇಳುವುದಿಷ್ಟು: ಅವನ ಅಣ್ಣನನ್ನು, ತಂಗಿಯನ್ನು ಕೂರಿಸಿ ನೇರವಾಗಿ ಕೇಳಿ. ಅವರು ನೋಡಿಕೊಳ್ಳುತ್ತಾರೆ ಬಿಡಿ ಎಂದು ನೀವೇ ತೀರ್ಮಾನಿಸಬೇಡಿ. ಕೆಲವರು ಒಪ್ಪುತ್ತಾರೆ, ಕೆಲವರು ಹಣ ಕಳುಹಿಸುತ್ತೇನೆ ಎನ್ನುತ್ತಾರೆ, ಕೆಲವರು ಆಗುವುದಿಲ್ಲ ಎನ್ನುತ್ತಾರೆ. ಆಗುವುದಿಲ್ಲ ಎಂದವರ ಮೇಲೆ ಸಿಟ್ಟಾಗಬೇಡಿ. ನಿಮಗೆ ಐವತ್ತಾಗಿರುವಾಗ ಅದು ಗೊತ್ತಾದರೆ ಬೇರೆ ದಾರಿ ಹುಡುಕಲು ಇನ್ನೂ ಕಾಲಿನಲ್ಲಿ ಬಲ ಇರುತ್ತದೆ.