ಬೇಸಿಕ್ ಬ್ಯಾಚ್‌ಗೆ ಯೂನಿಕೋಡ್ ಮೊದಲು ಹೇಳ್ಕೊಡಿ, ವ್ಯಾಕ್ಯೂಮ್ ಟ್ಯೂಬ್ ಆಮೇಲೆ

ವಿಜಯನಗರದಲ್ಲಿ ಒಂದು ಚಿಕ್ಕ ಕಂಪ್ಯೂಟರ್ ಸೆಂಟರಲ್ಲಿ ಬೇಸಿಕ್ ಬ್ಯಾಚ್ ತಗೊಳ್ತೀನಿ. ನಮ್ಮ ಸಿಲಬಸ್ ಮೇಲೆ ನಂಗೆ ತುಂಬಾ ದಿನದ ಕೋಪ ಇದೆ. ಮೊದಲ ವಾರ ಪೂರ್ತಿ ಕಂಪ್ಯೂಟರ್ ತಲೆಮಾರುಗಳು, ಮೊದಲ ತಲೆಮಾರಿನ ಕಂಪ್ಯೂಟರಲ್ಲಿದ್ದ ವ್ಯಾಕ್ಯೂಮ್ ಟ್ಯೂಬು, ಇನ್‌ಪುಟ್ ಔಟ್‌ಪುಟ್ ಡಿವೈಸು, ಆಮೇಲೆ ಪೇಂಟಲ್ಲಿ ಮನೆ ಮರ ಬಿಡಿಸೋದು. ಕನ್ನಡ ಟೈಪಿಂಗ್ ಅಂದ್ರೆ ನುಡಿ ಸಾಫ್ಟ್‌ವೇರ್, ಅದೂ ಹಳೇ ಪದ್ಧತಿಯ ಆಸ್ಕಿ ಫಾಂಟಲ್ಲೇ, ಯಾಕಂದ್ರೆ ಪಕ್ಕದ ರೂಮಲ್ಲಿ ಡಿಟಿಪಿ, ಅಂದ್ರೆ ಪ್ರಿಂಟಿಗೆ ಪುಟ ಜೋಡಿಸೋ ಕೆಲಸ ನಡೆಯುತ್ತೆ, ಅಲ್ಲಿ ಇನ್ನೂ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್, ಪೇಜ್‌ಮೇಕರ್‌ಗೆ ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಕೋಡ್ ಇರೋ ಪದ್ಧತಿ) ಆಗಲ್ಲ, ಹಾಗಾಗಿ ಲ್ಯಾಬಿನ ಸಿಸ್ಟಮ್‌ಗಳೂ ಹಾಗೇ ಸೆಟ್ ಆಗಿವೆ.

ಬ್ಯಾಚಿಗೆ ಬರೋರು ಯಾರು ಅಂತ ಸಿಲಬಸ್ ಬರೆದೋರು ಒಂದ್ಸಲ ಬಂದು ನೋಡ್ಬೇಕು. ಮೈಸೂರು ರಸ್ತೆ ಗಾರ್ಮೆಂಟ್ಸ್ ಬಿಟ್ಟು ಬಂದಿರೋ ಹೆಂಗಸರು, ಅಂಗಡಿ ಇಟ್ಕೊಂಡಿರೋರು, ಪಿಯುಸಿ ಆದ್ಮೇಲೆ ಓದು ನಿಲ್ಸಿರೋ ಹುಡುಗರು. ಇವರಿಗೆಲ್ಲ ಬೇಕಾಗಿರೋದು ಒಂದೇ, ಸೈಬರ್ ಸೆಂಟರಲ್ಲಿ ದುಡ್ಡು ಕೊಟ್ಟು ಬೇರೆಯವರ ಕೈಲಿ ಮಾಡಿಸ್ತಿರೋ ಕೆಲಸನ ತಾವೇ ಮಾಡ್ಕೊಳ್ಳೋದು.

ಈ ಸಲದ ಬ್ಯಾಚಲ್ಲಿ ಒಬ್ಬರು ಅಕ್ಕ ಇದ್ರು, ವರ್ಷಗಟ್ಟಲೆ ಟೈಲರ್ ಆಗಿದ್ದೋರು, ಮನೇಲೇ ಹೊಲಿಗೆ ಯೂನಿಟ್ ಹಾಕೋಕೆ ಸ್ವಯಂ ಉದ್ಯೋಗದ ಸಾಲಕ್ಕೆ ಆನ್‌ಲೈನ್ ಅರ್ಜಿ ಹಾಕ್ಬೇಕಿತ್ತು. ಟೈಪಿಂಗ್ ಎಷ್ಟು ಚೆನ್ನಾಗಿ ಕಲ್ತಿದ್ರು ಅಂದ್ರೆ, ಟ ಬೇಕಂದ್ರೆ ಕ್ಯೂ, ಡ ಬೇಕಂದ್ರೆ ಡಬ್ಲ್ಯೂ, ಒತ್ತಕ್ಷರಕ್ಕೆ ನಡುವೆ ಎಫ್, ಕೀಬೋರ್ಡ್ ನೋಡದೇನೇ ಹೊಡೀತಿದ್ರು. ಟೈಪಿಂಗ್ ಬಂದ್ಮೇಲೆ ಫಾರ್ಮ್ ತುಂಬೋದೇನು ಮಹಾ ಅಂತ ನಾನು ಅಂದ್ಕೊಂಡಿದ್ದೆ.

ಕೊನೇ ದಿನ ಸಂಜೆ ಲ್ಯಾಬಲ್ಲೇ ಕೂತು ತುಂಬಿದ್ರು. ಓಟಿಪಿ ಬಂತು, ಫೋಟೋ ಸೈಜ್ ಕಮ್ಮಿ ಮಾಡಿದ್ವಿ, ಆದಾಯ ಪ್ರಮಾಣಪತ್ರದ ಪಿಡಿಎಫ್ ಹತ್ತಿತು. ಕೊನೇದು 'ಉದ್ಯೋಗದ ವಿವರ' ಅನ್ನೋ ಬಾಕ್ಸ್, ಅದನ್ನ ವರ್ಡಲ್ಲಿ ಮೊದಲೇ ಟೈಪ್ ಮಾಡಿ ಇಟ್ಕೊಂಡಿದ್ರು. ಕಾಪಿ ಮಾಡಿ ಪೇಸ್ಟ್ ಮಾಡಿದ್ರು ನೋಡಿ, ಬಾಕ್ಸ್ ತುಂಬಾ ಇಂಗ್ಲಿಷ್ ಅಕ್ಷರ, ತಲೆ ಮೇಲೆ ಚುಕ್ಕಿ, ಗೆರೆ, ಪೌಂಡ್ ಗುರುತು, ಒಂದಕ್ಷರಾನೂ ಕನ್ನಡ ಇಲ್ಲ. ಪಕ್ಕದ ಹುಡುಗ ಬಗ್ಗಿ ನೋಡಿ "ವೈರಸ್ ಬಂದಿದೆ ಆಂಟಿ" ಅಂದ. ಅಕ್ಕ ಎರಡೂ ಕೈ ಕೀಬೋರ್ಡಿಂದ ತೆಗೆದು ತೊಡೆ ಮೇಲೆ ಇಟ್ಕೊಂಡ್ಬಿಟ್ರು, "ಮೇಡಂ, ನಾನೇನೂ ಒತ್ತಿಲ್ಲ ಮೇಡಂ" ಅಂತಾರೆ, ಮುಖ ಬಿಳಿಚಿಕೊಂಡಿದೆ.

ಸೆಷನ್ ಟೈಮ್ ಮೇಲೆ ಮೂಲೇಲಿ ಇಳೀತಾ ಇತ್ತು. ನಮ್ಮ ಇನ್ನೊಬ್ಬ ಟ್ರೇನರ್ ಬಂದು "ಬಿಡಿ ಅಕ್ಕ, ನಾನೇ ಮಾಡಿಕೊಡ್ತೀನಿ" ಅಂತ ಮೌಸಿಗೆ ಕೈ ಹಾಕಿದ್ರು, ನಾನು ಬೇಡ ಅಂದೆ. ಅವರು ಮಾಡಿದ್ರೆ ಬೇಗ ಮುಗೀತಿತ್ತು ನಿಜ, ಆದ್ರೆ ಈ ಹೆಂಗಸು ಜೀವಮಾನದಲ್ಲಿ ಇನ್ನೊಂದು ಅರ್ಜಿ ತಾವೇ ತುಂಬ್ತಿರಲಿಲ್ಲ, ಅದು ನಂಗೆ ಆ ಕ್ಷಣಕ್ಕೆ ಚೆನ್ನಾಗಿ ಗೊತ್ತಿತ್ತು. ಟೈಮ್ ಮುಗಿದು ಲಾಗೌಟ್ ಆದ್ರೆ ಸಾಲ ನಾನು ಕೊಡ್ತೀನಾ ಅನ್ನೋ ಭಯಾನೂ ಇತ್ತು, ಎದೆ ಹೊಡ್ಕೊಳ್ತಿತ್ತು.

"ಅಕ್ಕ, ಸಿಸ್ಟಮ್‌ಗೆ ಏನೂ ಆಗಿಲ್ಲ, ನೀವು ಬರೆದಿದ್ದು ವರ್ಡಲ್ಲಿ ಹಾಗೇ ಇದೆ, ನೋಡಿ" ಅಂತ ಆ ವಿಂಡೋ ಅವರ ಕೈಲೇ ತೆಗೆಸಿದೆ. ಕನ್ನಡ ಕಂಡ ತಕ್ಷಣ ಉಸಿರು ಬಿಟ್ರು. ಆಸ್ಕಿ ಬರಹನ ಯೂನಿಕೋಡ್‌ಗೆ ಬದಲಾಯಿಸೋ ಕನ್ವರ್ಟರ್ ಹಾಕಬಹುದಿತ್ತು, ಆದ್ರೆ ಹಾಕಿದ್ಮೇಲೆ ಅರ್ಕಾವತ್ತು ಒತ್ತಕ್ಷರ ಎಲ್ಲ ಒಂದೊಂದಾಗಿ ಓದಿ ನೋಡ್ಲೇಬೇಕು, ಅಷ್ಟು ಹೊತ್ತು ಇರಲಿಲ್ಲ. ಬಾಕ್ಸ್ ಖಾಲಿ ಮಾಡ್ಸಿ, ನುಡೀನ ಯೂನಿಕೋಡ್‌ಗೆ ಬದಲಾಯಿಸಿ, "ಈಗ ಇಲ್ಲೇ ಹೊಡೀರಿ, ಕೀಗಳು ಎಲ್ಲಾ ಅವೇ" ಅಂದೆ. ಕೀಲಿಮಣೆ ಅದೇ, ಕೆ.ಪಿ. ರಾವ್ ಅವರು ರೂಪಿಸಿದ್ದು, ಆಸ್ಕಿಯಾದ್ರೂ ಯೂನಿಕೋಡಾದ್ರೂ ಬೆರಳು ಓಡೋದು ಒಂದೇ ಥರ. ಮೊದಲ ಸಾಲಿಗೆ ಕೈ ನಡುಗ್ತಿತ್ತು, ಆಮೇಲೆ ಮೆಷಿನ್ ಮುಂದೆ ಕೂತಂಗೆ ಹೊಡೆದ್ರು. ಸಬ್ಮಿಟ್ ಆಯ್ತು, ಅರ್ಜಿ ನಂಬರ್ ಬಂತು, ಪಿಡಿಎಫ್ ಡೌನ್‌ಲೋಡ್ ಮಾಡಿ ಮಗಳಿಗೆ ವಾಟ್ಸಾಪ್ ಮಾಡಿದ್ರು.

ಆಸ್ಕಿ ಫಾಂಟಲ್ಲಿ ಕಂಪ್ಯೂಟರ್ ಒಳಗೆ ಉಳಿಯೋದು ಇಂಗ್ಲಿಷ್ ಅಕ್ಷರದ ಕೋಡ್‌ಗಳೇ, ಅದರ ಮೇಲೆ ಕನ್ನಡದ ಆಕಾರ ಕೂರಿಸಿರ್ತಾರೆ, ಆ ಫಾಂಟ್ ಇಲ್ಲದ ಕಡೆ ಬಣ್ಣ ಬಯಲಾಗುತ್ತೆ. ವೆಬ್‌ಸೈಟಲ್ಲಿ, ಮೊಬೈಲಲ್ಲಿ ಆ ಫಾಂಟ್ ಇರಲ್ಲ. ಗೂಗಲಲ್ಲಿ ಹುಡುಕಿದ್ರೂ ಅಂಥ ಬರಹ ಸಿಗಲ್ಲ. ಯೂನಿಕೋಡಲ್ಲಿ ಕನ್ನಡಕ್ಕೆ ತನ್ನದೇ ಜಾಗ ಇದೆ, ಕೋಡ್ ನಂಬರ್ 0ಸಿ80 ಇಂದ 0ಸಿಎಫ್ಎಫ್ ತನಕ, ವೆಬ್‌ಸೈಟಲ್ಲಾಗಲಿ ಮೊಬೈಲಲ್ಲಾಗಲಿ ಹಾಕಿದ್ರೆ ಕನ್ನಡ ಕನ್ನಡವಾಗೇ ಇರುತ್ತೆ. ಇದನ್ನ ಹೇಳೋಕೆ ಹತ್ತು ನಿಮಿಷ ಸಾಕು, ನಮ್ಮ ಸಿಲಬಸಲ್ಲಿ ಒಂದು ಸಾಲೂ ಇಲ್ಲ.

ಓನರ್‌ಗೆ ಮಾರನೇ ದಿನಾನೇ ಹೇಳಿದೆ. ಎಕ್ಸಾಮಲ್ಲಿ ತಲೆಮಾರುಗಳನ್ನೇ ಕೇಳೋದು, ಸಿಲಬಸ್ ಮುಟ್ಟಬೇಡಿ ಅಂದ್ರು. ಸಿಲಬಸ್ ಮುಟ್ಟಿಲ್ಲ, ಅದರ ಕ್ರಮ ಬದಲಾಯಿಸಿದೀನಿ. ಈಗ ಮೊದಲ ಕ್ಲಾಸಲ್ಲೇ ಯೂನಿಕೋಡಲ್ಲಿ ಅವರವರ ಹೆಸರು, ಅಡ್ರೆಸ್ ಟೈಪ್ ಮಾಡ್ಸಿ, ಅದನ್ನ ಅವರ ಫೋನಿಗೇ ಕಳಿಸ್ಸಿ ಓದಿಸ್ತೀನಿ. ಉದ್ದನೇ ವಿವರ ಏನೇ ಇದ್ರೂ ಮೊದಲು ನೋಟ್‌ಪ್ಯಾಡಲ್ಲಿ, ಸೇವ್ ಮಾಡುವಾಗ ಎನ್‌ಕೋಡಿಂಗ್ ಅನ್ನೋ ಕಡೆ ಯುಟಿಎಫ್-8 (ಯೂನಿಕೋಡನ್ನ ಹಾಗೇ ಉಳಿಸೋ ವಿಧಾನ) ಇದ್ಯಾ ನೋಡ್ಕೊಂಡು, ಯಾಕಂದ್ರೆ ಹಳೇ ವಿಂಡೋಸಲ್ಲಿ ಅಲ್ಲಿ ಕನ್ನಡಕ್ಕೆ ಜಾಗವೇ ಇಲ್ಲದ ಆನ್ಸಿ ಅಂತ ಇದ್ರೆ ಕನ್ನಡ ಅಷ್ಟೂ ಪ್ರಶ್ನೆ ಗುರುತಾಗಿ ಹೋಗುತ್ತೆ. ಬರೆದಿದ್ದನ್ನ ಬೇಕಂತಲೇ ಪೂರ್ತಿ ಅಳಿಸ್ಸಿ ಕಂಟ್ರೋಲ್ ಝಡ್ ಒತ್ತಿಸ್ತೀನಿ, ವಾಪಸ್ ಬಂದಿದ್ದನ್ನ ಕಣ್ಣಾರೆ ನೋಡಿದ್ರೇನೇ ಆ 'ನಾನೇನೂ ಒತ್ತಿಲ್ಲ' ಅನ್ನೋ ಹೆದರಿಕೆ ಕಮ್ಮಿ ಆಗೋದು. ಟ್ರೇನರ್‌ಗಳು ಯಾರೂ ಸ್ಟೂಡೆಂಟ್ ಮೌಸ್ ಮುಟ್ಟೋ ಹಾಗಿಲ್ಲ, ಬೆರಳು ತೋರಿಸಿ ಹೇಳ್ಬೇಕು ಅಷ್ಟೇ. ವ್ಯಾಕ್ಯೂಮ್ ಟ್ಯೂಬ್ ಎಕ್ಸಾಮ್ ಹಿಂದಿನ ವಾರ ಓದಿಸ್ತೀನಿ.